ಚಿಪ್ಪಿನೊಳಗಿನ ಪಂಚಾಂಗ

ಯಲಹಂಕದ ಕೆರೆಯ ಏರಿಯ ಮೇಲೆ ನಿಂತವರಿಗೆ ಸಮುದ್ರದ ನೆನಪಾಗುವುದು ಅಪರೂಪ. ನೆಲ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಕಾಲಡಿಯ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಆದರೂ ಈ ಕೆರೆ ಕೋಡಿ ಹರಿದರೆ ನೀರು ಜಕ್ಕೂರಿಗೆ, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ಆ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಸವೆದ ಬಂಡೆಯಿಂದ ಕರಗಿದ ಸ್ಟ್ರಾಂಶಿಯಂ ಎಂಬ ಧಾತುವೂ ಅದರೊಡನೆ ಇರುತ್ತದೆ. ಇದರ ಪರಮಾಣುಗಳಲ್ಲಿ 86 ಮತ್ತು 87 ತೂಕದ ಎರಡು ಬಗೆಗಳು ನಮಗೆ ಇಲ್ಲಿ ಮುಖ್ಯ. ಬಂಡೆಯಲ್ಲಿರುವ ರುಬಿಡಿಯಂ ಅತಿ ನಿಧಾನವಾಗಿ ಕ್ಷಯಿಸಿ 87ರ ಸ್ಟ್ರಾಂಶಿಯಂ ಆಗುತ್ತದೆ; ಅದು ಅರ್ಧವಾಗಲು ಸುಮಾರು 5000 ಕೋಟಿ ವರ್ಷ ಬೇಕು. ಆದ್ದರಿಂದ ನಮ್ಮಂಥ ಹಳೆಯ ಗ್ರಾನೈಟ್ ನಾಡಿನ ನದಿಗಳು 87ನ್ನು ಹೆಚ್ಚಾಗಿ ಒಯ್ಯುತ್ತವೆ. ಸಾಗರತಳದ ಎಳೆಯ ಅಗ್ನಿಶಿಲೆಯಿಂದ ಬರುವುದರಲ್ಲಿ ಅದು ಕಡಿಮೆ. ಈ ಎರಡರ ತೂಗಾಟದಿಂದ ಸಮುದ್ರದ ಪ್ರಮಾಣ ನಿರ್ಧಾರವಾಗುತ್ತದೆ.

ಸ್ಟ್ರಾಂಶಿಯಂ ಕಡಲಲ್ಲಿ ಲಕ್ಷಾಂತರ ವರ್ಷ ಉಳಿಯುತ್ತದೆ. ಸಾಗರಗಳ ನೀರೋ ಸಾವಿರ, ಎರಡು ಸಾವಿರ ವರ್ಷಗಳಲ್ಲೇ ಬೆರೆತುಹೋಗುತ್ತದೆ. ಆದ್ದರಿಂದ ಒಂದು ಕಾಲದಲ್ಲಿ ಎಲ್ಲ ಸಾಗರಗಳಿಗೂ ಒಂದೇ ಪ್ರಮಾಣ. ಇಂದು ಅದು 0.7092. ಸುಮಾರು 4 ಕೋಟಿ ವರ್ಷಗಳ ಹಿಂದೆ 0.7078ರ ಆಸುಪಾಸಿನಲ್ಲಿತ್ತು, ಆಮೇಲೆ ಏರುತ್ತಲೇ ಬಂದಿದೆ. ಹಿಮಾಲಯ ಎದ್ದು, ಅದರ ಬಂಡೆಗಳನ್ನು ಗಂಗೆ, ಬ್ರಹ್ಮಪುತ್ರಗಳು ಸವೆಸಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ಅನೇಕ ವಿಜ್ಞಾನಿಗಳು ಬಗೆಯುತ್ತಾರೆ. ಚಿಪ್ಪು ಕಟ್ಟುವ ಜೀವಿ ಸುಣ್ಣದ ಜೊತೆ ಈ ಧಾತುವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅದು ಬದುಕಿದ ಸಮುದ್ರದ ತಿಥಿ ಹೀಗೆ ಚಿಪ್ಪಿನಲ್ಲಿ ಉಳಿಯುತ್ತದೆ.

ಈ ಪಂಚಾಂಗ ಬಹಳವಾಗಿ ಬೇಕಾಗುವುದು ಧ್ರುವಪ್ರದೇಶದಲ್ಲಿ. ಹಿಮನದಿಗಳು ಕಡಲಿಗೆ ಸುರಿದ ಕೆಸರು ಮತ್ತು ಕಲ್ಲುಗಳ ರಾಶಿಗೆ ವಯಸ್ಸು ಹೇಳುವುದು ಸುಲಭವಲ್ಲ. ಕಲ್ಲುಗಳು ಎಲ್ಲಿಂದಲೋ ಬಂದವು. ಅವುಗಳ ವಯಸ್ಸು ರಾಶಿಯ ವಯಸ್ಸಲ್ಲ. ಇಂಗಾಲದ ಪರೀಕ್ಷೆ ಸುಮಾರು 50 ಸಾವಿರ ವರ್ಷಕ್ಕಿಂತ ಹಿಂದಕ್ಕೆ ಹೋಗಲಾರದು.

ಅಂಟಾರ್ಕ್ಟಿಕಾದ ಅಂಚಿನಲ್ಲಿ ಕಿಂಗ್ ಜಾರ್ಜ್ ಮತ್ತು ಕೋಬರ್ನ್ ಎಂಬ ಎರಡು ದ್ವೀಪಗಳಿವೆ. ಎರಡರಲ್ಲೂ ಬೀಸಣಿಗೆಯಾಕಾರದ ಚಿಪ್ಪುಗಳಿರುವ ಪದರಗಳುಂಟು. ನೋಟಕ್ಕೆ ಅವು ಹೋಲುತ್ತಿದ್ದುದರಿಂದ ಒಂದೇ ಕಾಲದವೆಂದು ಮೊದಲು ಭಾವಿಸಲಾಗಿತ್ತು. ಸೂಕ್ಷ್ಮಜೀವಿಗಳ ಪಳೆಯುಳಿಕೆಗಳು ಈ ನಂಬಿಕೆಯನ್ನು ಅಲುಗಿಸಿದವು. 1997ರಲ್ಲಿ ಪ್ರಕಟವಾದ ಸ್ಟ್ರಾಂಶಿಯಂ ಅಧ್ಯಯನ ಕೋಬರ್ನ್ ಪದರಕ್ಕೆ ಸುಮಾರು 47 ಲಕ್ಷ ವರ್ಷವೆಂದೂ, ಕಿಂಗ್ ಜಾರ್ಜ್ ಪದರಕ್ಕೆ ಸುಮಾರು 3 ಕೋಟಿ ವರ್ಷವೆಂದೂ ಹೇಳಿತು. ಒಡಹುಟ್ಟಿದವರೆಂದುಕೊಂಡವರ ನಡುವೆ ಎರಡೂವರೆ ಕೋಟಿ ವರ್ಷಗಳ ಅಂತರ!

ಆದರೆ ಚಿಪ್ಪಿನ ಮಾತನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ನೆಲದೊಳಗಿನ ನೀರು ಹರಿದು ಅದರ ಸುಣ್ಣ ಮಾರ್ಪಟ್ಟಿದ್ದರೆ ತಿಥಿ ತಪ್ಪುತ್ತದೆ. ಹಿಮನದಿಯು ಹಳೆಯ ಪದರವನ್ನು ಉತ್ತು, ಅದರ ಚಿಪ್ಪನ್ನು ಹೊಸ ಕೆಸರಿಗೆ ತಂದು ಹಾಕಿರಬಹುದು. ಆಗ ಲೆಕ್ಕ ಸರಿಯಾಗಿದ್ದರೂ ರಾಶಿಯ ವಯಸ್ಸು ಸಿಗದು. ಸಮುದ್ರದ ಪ್ರಮಾಣ ಬದಲಾಗದೆ ನಿಂತಿದ್ದ ಕಾಲಗಳಲ್ಲಿ ಪಂಚಾಂಗವೇ ಮಸುಕು. ಆದಕಾರಣ ಎರಡೂ ಚಿಪ್ಪುಗಳು ಜೋಡಿಯಾಗಿ ಕೂಡಿಕೊಂಡೇ ಇರುವ, ಹೊಳಪು ಕೆಡದ ಮಾದರಿಗಳನ್ನು ಆರಿಸುತ್ತಾರೆ.

ಇಷ್ಟು ಶ್ರಮವೇಕೆಂದು ಕೇಳಬಹುದು. ಇಂದು ಧ್ರುವದ ಹಿಮ ಕರಗುತ್ತಿದೆ, ಕಡಲು ಏರುತ್ತಿದೆ. ಹಿಂದೆ ಭೂಮಿ ಬೆಚ್ಚಗಿದ್ದಾಗ ಅಂಟಾರ್ಕ್ಟಿಕಾದ ಹಿಮ ಹೇಗೆ ನಡೆದುಕೊಂಡಿತೆಂಬುದಕ್ಕೆ ಆ ಪದರಗಳೇ ಸಾಕ್ಷಿ. ಸಾಕ್ಷಿ ಯಾವ ಕಾಲದ್ದೆಂದು ತಿಳಿಯದಿದ್ದರೆ ಅದು ಹೇಳುವುದನ್ನು ಯಾವ ಬಿಸಿಲಿಗೆ, ಯಾವ ಚಳಿಗೆ ಹೊಂದಿಸುವುದು? ಪಿನಾಕಿನಿಯ ದಡದ ಕಡಲೂರಿಗೂ ಈ ಉತ್ತರ ಬೇಕು. ಯಲಹಂಕದ ಕೋಡಿಯ ನೀರು ಹೊತ್ತೊಯ್ದ ಕಣವೊಂದು, ಇಂದು ಯಾವುದೋ ಕಡಲಿನ ಚಿಪ್ಪಿನಲ್ಲಿ, ಮುಂದೆಂದೋ ಓದುವವರಿಗಾಗಿ ನಮ್ಮ ಕಾಲದ ತಿಥಿಯನ್ನು ಬರೆಯುತ್ತಿರಬಹುದು.