ಮುದುಕರ ದವಾಖಾನಿ ಖರ್ಚು: ಯಾವ ವಿಮೆ ನಮಗೆ?

(ಮಲ್ಲಸಮುದ್ರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆಯ ಮಾತಾಡುವ ಸಭೆಯೊಳಗೆ ದವಾಖಾನಿ ಮಾತು ಯಾಕ ಅಂತೀರಿ. ಬೀಜ, ಗೊಬ್ಬರದ ಸಾಲ ಪೀಕು ಬಂದರೆ ಅಷ್ಟಾದರೂ ತೀರ್ತದ. ಅಪ್ಪನ ಎದೆನೋವಿಗೆ ಮಾಡಿದ ಸಾಲಕ್ಕೆ ಪೀಕೇ ಇಲ್ಲ, ಹೊಲಾನೇ ಹೋಗ್ತದ.

ಈಗ ಊರೂರಿಗೆ ವಿಮೆ ಏಜೆಂಟರು ಬರಾಕತ್ಯಾರ. ಅವರು ಹೇಳೋದೆಲ್ಲ ಸುಳ್ಳಲ್ಲ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಖಾಸಗಿ ಪಾಲಿಸಿಯ ಬಾಗಿಲು ತೆರೆದದ. ಮೊದಲೇ ಇದ್ದ ಬ್ಯಾನಿಗೆ ಕಾಯುವ ಅವಧಿ ಹೆಚ್ಚೆಂದರೆ 4 ವರ್ಷ ಇದ್ದದ್ದು 3 ಆಗ್ಯದ. 2025ರ ಸೆಪ್ಟೆಂಬರ್ 22ರಿಂದ ಕಂತಿನ ಮೇಲಿನ ಶೇ. 18 ಜಿಎಸ್‌ಟಿಯೂ ಹೋಗ್ಯದ. ತಿಂಗಳ ಪಗಾರ, ಪಿಂಚಣಿ ಇದ್ದವರು ಮಾಡಿಸಲಿ, ನಾನು ಬ್ಯಾಡ ಅನ್ನೋದಿಲ್ಲ.

ಆದರೆ ನಮ್ಮ ಸಂಗತಿ ಬೇರೆ. ಸಕ್ಕರೆ ಕಾಯಿಲೆಯ ಮುದುಕನಿಗೆ ಪಾಲಿಸಿ ಮಾಡಿಸಿ ಎರಡು ವರ್ಷ ಕಂತು ಕಟ್ಟಿದಿರಿ ಅನ್ನಿ. ಮೂರನೇ ವರ್ಷ ಮಳಿ ಕೈಕೊಟ್ಟಿತು, ಇಲ್ಲಾ ಉಳ್ಳಾಗಡ್ಡಿ ರೇಟು ಬಿತ್ತು. ತಾರೀಖು ದಾಟಿ, ಕೊಟ್ಟ ರಿಯಾಯಿತಿ ದಿನಾನೂ ದಾಟಿದರೆ ಪಾಲಿಸಿ ಸತ್ತಂಗ. ಮತ್ತೆ ಮಾಡಿಸಿದರೆ ಕಾಯೋದೂ ಮೊದಲಿನಿಂದ. ವಯಸ್ಸು ಏರಿದಂಗೆ ಕಂತೂ ಏರ್ತದ, ದುಡಿಯೋ ಶಕ್ತಿ ಇಳೀತದ. ಏಜೆಂಟ ಹೇಳಿದ ಕಂತನ್ನು ರೂಪಾಯಿಯೊಳಗೆ ಎಣಿಸಬ್ಯಾಡ್ರಿ, ಉಳ್ಳಾಗಡ್ಡಿ ಚೀಲದೊಳಗೆ ಎಣಿಸ್ರಿ. ಬಿಲ್ಲಿನಾಗ ನಮ್ಮ ಪಾಲು ಎಷ್ಟು ಅಂತಲೂ ಕೇಳ್ರಿ. ಮುದುಕರ ಪಾಲಿಸಿಯೊಳಗೆ ಈ ಕಲಮು ಬಹಳ ಸಲ ಸಣ್ಣ ಅಕ್ಷರದೊಳಗೆ ಇರ್ತದ.

ಇನ್ನು ಸರಕಾರದ್ದು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದೊಳಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ, ಕಂತಿಲ್ಲ. ಹಳೇ ಬ್ಯಾನಿ ಅಂತ ಕಾಯಿಸೋದಿಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಎಂಟೆಕರೆ ಒಣ ಹೊಲ ಇದ್ದವನೂ ಎಪಿಎಲ್, ಗದಗಿನ ದಲಾಲಿ ಅಂಗಡಿಯವನೂ ಎಪಿಎಲ್! ಅಂಥ ರೈತರಿಗೆ ಯಶಸ್ವಿನಿ ಕೆಲಸಕ್ಕೆ ಬರ್ತದ. 2003ರಾಗ ಶುರುವಾಗಿ, 2018ರಾಗ ನಿಂತು, 2023ರ ಜನವರಿಗೆ ಮತ್ತೆ ಜಾರಿಗೆ ಬಂತು. ಆಗ ಹಳ್ಳಿಯ ಸೊಸೈಟಿ ಸದಸ್ಯನ ನಾಲ್ಕು ಮಂದಿ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಒಬ್ಬೊಬ್ಬರಿಗೆ 100 ಇಟ್ಟರು. ಆ ನೂರು ಉಳಿಸಾಕ ಹೋಗಿ ಮುದುಕಿಯ ಹೆಸರು ಬಿಡಬ್ಯಾಡ್ರಿ. ನೋಂದಣಿಯ ಕೊನೇ ತಾರೀಖು ಕಾರ್ಯದರ್ಶಿಯನ್ನು ಕೇಳಿ ಬರೆದಿಟ್ಕೊಳ್ರಿ.

70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷ ಅಂತ 2024ರ ಅಕ್ಟೋಬರ್ 29ರಂದು ಕೇಂದ್ರ ಶುರುಮಾಡಿತು. ಖರ್ಚಿನಾಗ ರಾಜ್ಯದ ಪಾಲೂ ಅದ. ಆದ್ದರಿಂದ ಕಾರ್ಡು ಕಿಸೆದಾಗ ಇದ್ದರೆ ಸಾಲದು, ಹೋಗುವ ಆಸ್ಪತ್ರೆ ಅದನ್ನು ಒಪ್ತದೋ ಇಲ್ಲೋ ಮೊದಲೇ ಕೇಳ್ರಿ.

ಮುಖ್ಯ ಮಾತೊಂದು. ಗದಗಿನ ವೈದ್ಯಕೀಯ ಕಾಲೇಜು, ಜಿಮ್ಸ್, ನಮ್ಮೂರ ಮಗ್ಗುಲಿಗೇ ಅದ. ಆದರೂ ಮಂದಿ ನೆಟ್ಟಗೆ ಹುಬ್ಬಳ್ಳಿ ಖಾಸಗಿ ದವಾಖಾನಿಗೆ ಓಡ್ತಾರ. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಆರೋಗ್ಯ ಕರ್ನಾಟಕದ ರೊಕ್ಕ ಸಿಗಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಹೋದರೆ ಬಿಲ್ಲು ನಿಮ್ಮದೇ.

ದಿನಾ ನುಂಗುವ ಬಿಪಿ, ಶುಗರ್ ಗುಳಿಗಿ ಈ ಯೋಜನೆಗಳೊಳಗೆ ಬರೋದಿಲ್ಲ. ಅವು ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಪುಕ್ಕಟೆ ಸಿಗಬೇಕು. ಗುಳಿಗಿ ಖಾಲಿ ಅಂತ ಹೇಳಿ ಕಳಿಸಿದರೆ ಯಾವ ಗುಳಿಗಿ, ಯಾವ ದಿನ ಅಂತ ಬರೆದುಕೊಂಡು ಬರ್ರಿ. ಎಲ್ಲರ ಚೀಟಿ ಕೂಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡೋಣ.