ಮನೆ ನಿಂತಿತು, ಇಗರ್ಜಿ ಉರುಳಿತು

ಇಟಲಿ ಎಂದೊಡನೆ ಬಹುಮಂದಿಗೆ ನೆನಪಾಗುವುದು ರೋಮ್, ವೆನಿಸ್, ಫ್ಲಾರೆನ್ಸ್. ಆದರೆ ಆ ದೇಶದ ಚರಿತ್ರೆಯ ದೊಡ್ಡ ಪಾಲು ಬೆಟ್ಟದ ಸಣ್ಣ ಊರುಗಳಲ್ಲಿದೆ. ಅಂಥ ಊರುಗಳ ಒಂದು ಸಾಲು ನಡು ಇಟಲಿಯ ಉಂಬ್ರಿಯಾ ಪ್ರಾಂತದ ನೇರಾ ನದಿಯ ಕಣಿವೆಯಲ್ಲಿದೆ. ಇಟಲಿಯವರು ಈ ಕಣಿವೆಯನ್ನು ವಾಲ್ನೆರೀನಾ ಎನ್ನುತ್ತಾರೆ. ಸಿಬಿಲ್ಲೀನಿ ಬೆಟ್ಟಸಾಲಿನಲ್ಲಿ ಹುಟ್ಟುವ ನೇರಾ, ಮುಂದೆ ರೋಮ್ ನಗರಕ್ಕೆ ಹೋಗುವ ಟೈಬರ್ ನದಿಯನ್ನು ಸೇರುತ್ತದೆ. ಕಣಿವೆಯ ನೆಲ ಆಗಾಗ ನಡುಗುತ್ತದೆ. ಹೀಗೆ ನಡುಗುವ ನೆಲದ ಮೇಲೆ ಜನ ಏನನ್ನು ಕಟ್ಟಿದರು, ಬಿದ್ದದ್ದನ್ನು ಮತ್ತೆ ಏಕೆ ಎತ್ತಿ ನಿಲ್ಲಿಸಿದರು? ಕಣಿವೆಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಹೋದರೆ ಇದಕ್ಕೆ ಉತ್ತರ ಒಂದೊಂದಾಗಿ ಸಿಗುತ್ತದೆ.

ಕಣಿವೆಯ ಕೆಳತುದಿಯಲ್ಲಿ ಮಾರ್ಮೊರೆ ಜಲಪಾತವಿದೆ. ವೆಲೀನೋ ನದಿ ಇಲ್ಲಿ ಮೂರು ಹಂತಗಳಲ್ಲಿ ಸುಮಾರು 165 ಮೀಟರ್ ಧುಮುಕಿ ನೇರಾ ನದಿಯನ್ನು ಸೇರುತ್ತದೆ. ನೋಡುವವರಿಗೆ ಇದು ಪ್ರಕೃತಿಯ ಕೊಡುಗೆ ಎನಿಸುತ್ತದೆ. ನಿಜವಾಗಿ ಇದು ಮನುಷ್ಯರ ಕೆಲಸ. ಮೇಲಿನ ರಿಯೇಟಿ ಬಯಲಿನ ಜೌಗು ನೀರನ್ನು ಹೊರಗೆ ಹರಿಸಲು ರೋಮನ್ ಅಧಿಕಾರಿ ಕ್ಯೂರಿಯಸ್ ಡೆಂಟಾಟಸ್ ಕ್ರಿ.ಪೂ. 271ರಲ್ಲಿ ಕಾಲುವೆ ತೋಡಿಸಿದ. ಈಗ ಆ ನೀರು ವಿದ್ಯುತ್ ಉತ್ಪಾದನೆಗೆ ಹೋಗುತ್ತದೆ. ಜಲಪಾತಕ್ಕೆ ನಿಗದಿತ ಗಂಟೆಗಳಲ್ಲಿ ಮಾತ್ರ ನೀರು ಬಿಡುತ್ತಾರೆ.

ಅಲ್ಲಿಂದ ಮೇಲೆ ಫೆರೆಂಟಿಲ್ಲೊ ಊರಿನ ಬಳಿ ಸಾನ್ ಪಿಯೆತ್ರೊ ಇನ್ ವಾಲ್ಲೆ ಮಠ ಕಾಡಿನ ಅಂಚಿನಲ್ಲಿ ನಿಂತಿದೆ. ಸ್ಪೊಲೆಟೊದ ಲೊಂಬಾರ್ಡ್ ದೊರೆ ಎರಡನೆಯ ಫಾರೊಆಲ್ಡ್ 8ನೇ ಶತಮಾನದಲ್ಲಿ ಇದನ್ನು ಸ್ಥಾಪಿಸಿದನೆಂದು ಹೇಳುತ್ತಾರೆ. ಇದರ ಪೂಜಾಪೀಠದ ಕಲ್ಲಿನಲ್ಲಿ ಅದನ್ನು ಮಾಡಿಸಿದ ದೊರೆ ಇಲ್ದೆರಿಕನ ಹೆಸರಿದೆ. ಜೊತೆಗೆ ಕೆತ್ತಿದ ಉರ್ಸುಸ್ ಎಂಬ ಕುಶಲಕರ್ಮಿಯ ಹೆಸರೂ ಇದೆ. ಆ ಕಾಲದ ಶಿಲ್ಪಿಗಳಲ್ಲಿ ಬಹುಪಾಲು ಮಂದಿಯ ಹೆಸರೇ ಉಳಿದಿಲ್ಲ. ಆದ್ದರಿಂದ ಈ ಒಂದು ಸಾಲು ವಿದ್ವಾಂಸರಿಗೆ ಬಲು ಅಮೂಲ್ಯ. ಗೋಡೆಗಳ ಮೇಲೆ 12ನೇ ಶತಮಾನದ ಬೈಬಲ್ ಕಥೆಗಳ ಚಿತ್ರಗಳಿವೆ.

ಇನ್ನೂ ಮುಂದೆ ಹೋದರೆ ಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆಯ ಹಳ್ಳಿ ವಾಲ್ಲೊ ದಿ ನೇರಾ. ಇಲ್ಲಿನ ಸಾಂತಾ ಮರಿಯಾ ಇಗರ್ಜಿಯಲ್ಲಿ 1401ರಲ್ಲಿ ಬರೆದ ಒಂದು ಮೆರವಣಿಗೆಯ ಚಿತ್ರವಿದೆ. 1399ರಲ್ಲಿ ಇಟಲಿಯ ಊರೂರುಗಳಲ್ಲಿ ಜನ ಬಿಳಿಯ ಬಟ್ಟೆ ತೊಟ್ಟು, ಶಾಂತಿ ಮತ್ತು ಕರುಣೆಯನ್ನು ಬೇಡುತ್ತ ದಿನಗಟ್ಟಲೆ ನಡೆದರು. ಹಗೆ ಮರೆತು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದು ಆ ಯಾತ್ರೆಯ ಮುಖ್ಯ ಭಾಗ. ಅರಸರ ಯುದ್ಧಗಳು ಗ್ರಂಥಗಳಲ್ಲಿ ಉಳಿದವು. ಸಾಮಾನ್ಯರ ಈ ನಡಿಗೆ ಒಂದು ಹಳ್ಳಿಯ ಇಗರ್ಜಿಯ ಗೋಡೆಯಲ್ಲಿ ಉಳಿಯಿತು. ಇಂಥ ಗೋಡೆ ಬಿದ್ದರೆ ಹೋಗುವುದು ಬರಿಯ ಸುಣ್ಣ-ಬಣ್ಣವಲ್ಲ.

ಪ್ರೆಚಿ ಎಂಬ ಊರು ಇನ್ನೊಂದು ಕಾರಣಕ್ಕೆ ಹೆಸರಾಯಿತು. ಹತ್ತಿರದ ಸಾಂತ್ ಎಉಟಿಝಿಯೊ ಮಠದ ಸನ್ಯಾಸಿಗಳು ವೈದ್ಯ ಬಲ್ಲವರು. 1215ರ ಧರ್ಮಸಭೆ ಪಾದ್ರಿಗಳು ಶಸ್ತ್ರಚಿಕಿತ್ಸೆ ಮಾಡುವುದನ್ನು ನಿರ್ಬಂಧಿಸಿತು. ಕ್ರಮೇಣ ಆ ವಿದ್ಯೆ ಊರಿನ ಗೃಹಸ್ಥರ ಕೈಗೆ ಬಂತು. ಕಣ್ಣಿನ ಪೊರೆ ತೆಗೆಯುವುದರಲ್ಲಿ, ಮೂತ್ರಕೋಶದ ಕಲ್ಲು ತೆಗೆಯುವುದರಲ್ಲಿ ಪ್ರೆಚಿಯ ಮನೆತನಗಳು ಯುರೋಪಿನಲ್ಲೆಲ್ಲ ಪ್ರಸಿದ್ಧವಾದವು. ತಂದೆಯಿಂದ ಮಗನಿಗೆ ವಿದ್ಯೆ ಇಳಿಯುತ್ತ ಬಂತು. ಹಂದಿಯನ್ನು ಕೊಯ್ದು ಮಾಂಸ ಹದಮಾಡುವುದು ಈ ಸೀಮೆಯ ಹಳೆಯ ಕಸುಬು. ಕತ್ತಿ ಹಿಡಿಯುವ ಆ ಕೈಯ ಪಳಗಿಕೆಯೂ ಶಸ್ತ್ರವೈದ್ಯಕ್ಕೆ ನೆರವಾಯಿತೆಂಬ ಅಭಿಪ್ರಾಯವಿದೆ. ಇಟಲಿಯಲ್ಲಿ ಹಂದಿಮಾಂಸದ ಅಂಗಡಿಗೆ ಇಂದಿಗೂ ‘ನೊರ್ಚಿನೆರಿಯಾ’ ಎಂದೇ ಹೆಸರು. ಅದು ನೊರ್ಚಾ ಪಟ್ಟಣದಿಂದ ಬಂದದ್ದು.

ಆ ನೊರ್ಚಾ ಈ ಸೀಮೆಯ ಮುಖ್ಯ ಪಟ್ಟಣ. ಪಶ್ಚಿಮ ಯುರೋಪಿನ ಮಠಜೀವನಕ್ಕೆ ನಿಯಮ ಬರೆದ ಸಂತ ಬೆನೆಡಿಕ್ಟ್ ಸುಮಾರು ಕ್ರಿ.ಶ. 480ರಲ್ಲಿ ಹುಟ್ಟಿದ್ದು ಇಲ್ಲಿ. ಆತ ಹುಟ್ಟಿದ ಮನೆಯ ಜಾಗವೆಂದು ನಂಬಿದ ಕಡೆ ಮಧ್ಯಯುಗದ ಕೊನೆಯಲ್ಲಿ ಬೆಸಿಲಿಕಾ ಎದ್ದಿತು. 1703ರ ಭೂಕಂಪ ಪಟ್ಟಣವನ್ನು ನೆಲಕ್ಕೆ ಕೆಡವಿತು. 1859ರಲ್ಲಿ ಮತ್ತೊಂದು ದೊಡ್ಡ ಪೆಟ್ಟು ಬಿತ್ತು. ಆಗ ಪೋಪರ ಸರ್ಕಾರ ಕಟ್ಟಡ ನಿಯಮವೊಂದನ್ನು ಹೊರಡಿಸಿತು. ಮನೆ ಎರಡು ಅಂತಸ್ತು ಮೀರಬಾರದು, ಗೋಡೆ ದಪ್ಪವಿರಬೇಕು, ತಳ ಅಗಲವಾಗಿರಬೇಕು. ಇಂದಿಗೂ ನೊರ್ಚಾದ ಹಳೆಯ ಬೀದಿಗಳಲ್ಲಿ ತಗ್ಗಾದ, ಬುಡ ದಪ್ಪನೆಯ ಮನೆಗಳೇ ಕಾಣುತ್ತವೆ. ಅಂದಕ್ಕಾಗಿ ಅಲ್ಲ, ಅನುಭವದಿಂದ ಬಂದ ರೂಪ ಅದು. 1979 ಮತ್ತು 1997ರ ಭೂಕಂಪಗಳ ಬಳಿಕ ಈ ಮನೆಗಳನ್ನು ಮತ್ತಷ್ಟು ಭದ್ರಪಡಿಸಲಾಯಿತು.

ಪರೀಕ್ಷೆಯ ದಿನ 2016ರ ಅಕ್ಟೋಬರ್ 30. ಬೆಳಗ್ಗೆ 7.40ರ ಸುಮಾರಿಗೆ ನಡುಗಿದ ನೆಲದ ತೀವ್ರತೆ 6.5. ನೊರ್ಚಾದ ಮನೆಗಳು ಬಿರುಕುಬಿಟ್ಟವು; ಎಷ್ಟೋ ಮನೆಗಳು ವಾಸಕ್ಕೆ ಯೋಗ್ಯವಾಗಿ ಉಳಿಯಲಿಲ್ಲ. ಆದರೆ ಅವು ಕುಸಿದು ಜನರನ್ನು ಹೂಳಲಿಲ್ಲ. ನಾಲ್ಕು ದಿನ ಮೊದಲಿನ ಕಂಪನಗಳಿಂದ ಎಚ್ಚೆತ್ತ ಅನೇಕರು ಮನೆ ಬಿಟ್ಟಿದ್ದೂ ಜೀವ ಉಳಿಸಿತು. ಇಗರ್ಜಿಗಳ ಗತಿ ಬೇರೆಯಾಯಿತು. ಬೆಸಿಲಿಕಾದ ಮುಂಗೋಡೆ ಮಾತ್ರ ನಿಂತು, ಹಿಂದಿನ ಬಹುಭಾಗ ಕಲ್ಲಿನ ರಾಶಿಯಾಯಿತು. ಆ ಮುಂಗೋಡೆಯ ಎದುರು ಚೌಕದಲ್ಲಿ ಸನ್ಯಾಸಿಗಳೂ ಊರವರೂ ಮಂಡಿಯೂರಿ ಕುಳಿತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು.

ಮನೆ ನಿಂತು ಇಗರ್ಜಿ ಬಿದ್ದದ್ದು ಏಕೆ? ಮನೆಯಲ್ಲಿ ಅಡ್ಡಗೋಡೆಗಳು ಹತ್ತಿರ ಹತ್ತಿರ ಇದ್ದು ಒಂದನ್ನೊಂದು ಹಿಡಿದಿರುತ್ತವೆ. ಇಗರ್ಜಿ ಎಂದರೆ ವಿಶಾಲವಾದ ಒಂದೇ ಹಜಾರ. ಎತ್ತರದ ಗೋಡೆಗಳಿಗೆ ನಡುವೆ ಆಸರೆಯಿಲ್ಲ. ಎರಡು ಕಲ್ಲಿನ ಪದರಗಳ ನಡುವೆ ಚೂರುಕಲ್ಲು ತುಂಬಿದ ಹಳೆಯ ಗೋಡೆ ನಡುಗಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಪಕ್ಕದ ಗಂಟೆಗೋಪುರವು ಛಾವಣಿಯ ಮೇಲೆ ಬಿದ್ದರೆ ಕೇಳುವುದೇ ಬೇಡ.

ನೊರ್ಚಾದ ಸಮೀಪದ ಕಾಂಪಿ ಹಳ್ಳಿಯ ಸಾನ್ ಸಾಲ್ವಾತೊರೆ ಇಗರ್ಜಿಯೂ ಅದೇ ತಿಂಗಳು ಕುಸಿಯಿತು. ಎರಡು ಬಾಗಿಲು, ಎರಡು ಚಕ್ರಾಕಾರದ ಕಿಟಕಿ ಇದ್ದ ಅದರ ಮುಖ ಹಾಗೂ ಸ್ಪರಾಪಾನೆ ಮನೆತನದ ಚಿತ್ರಕಾರರು 15ನೇ ಶತಮಾನದಲ್ಲಿ ಬರೆದ ಚಿತ್ರಗಳು ಮಣ್ಣಿನಲ್ಲಿ ಸೇರಿದವು. ಬಳಿಕ ಚಿತ್ರದ ಚೂರುಗಳನ್ನು ಕಲ್ಲಿನ ರಾಶಿಯಿಂದ ಹೆಕ್ಕಿ ತೆಗೆದರು. ಕಣಿವೆಯ ಇಗರ್ಜಿಗಳಿಂದ ಹೊರತೆಗೆದ ಸಾವಿರಾರು ವಿಗ್ರಹ, ಚಿತ್ರಗಳು ಸ್ಪೊಲೆಟೊದ ಉಗ್ರಾಣ ಸೇರಿದವು.

ಬೆಸಿಲಿಕಾವನ್ನು ಮೊದಲಿದ್ದಂತೆಯೇ ಕಟ್ಟಬೇಕೇ, ಹೊಸ ರೂಪ ಕೊಡಬೇಕೇ ಎಂಬ ಚರ್ಚೆ ಜೋರಾಗಿ ನಡೆಯಿತು. ಕೊನೆಗೆ ಗೆದ್ದದ್ದು ಹಳೆಯ ರೂಪವೇ. ಉಳಿದ ಕಲ್ಲುಗಳನ್ನು ಆಯ್ದು, ಇಂದಿನ ತಂತ್ರಜ್ಞಾನದಿಂದ ಒಳಗೊಳಗೇ ಬಿಗಿ ಕೊಟ್ಟು ಕಟ್ಟಿದ ಬೆಸಿಲಿಕಾ 2025ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ತಾತ್ಕಾಲಿಕ ವಸತಿಗಳಲ್ಲೇ ಎಷ್ಟೋ ಮಕ್ಕಳು ಬೆಳೆದರು. ಕೆಲಸ ಹುಡುಕಿ ಬಯಲುಸೀಮೆಗೆ ಇಳಿದ ಯುವಕರು ಮರಳದಿದ್ದರೆ ಇಗರ್ಜಿ ನಿಂತೂ ಊರು ಬರಿದಾಗುತ್ತದೆ. 1860ರ ನಿಯಮ ಮನೆಯನ್ನು ಮೊದಲು ನೆನೆಯಿತು. ಈ ಕಣಿವೆಗೆ ಇಂದೂ ಬೇಕಾದ ವಿವೇಕ ಅದೇ: ಚಿತ್ರದ ಚೂರನ್ನು ಜೋಡಿಸುವಷ್ಟೇ ತಾಳ್ಮೆಯಿಂದ ಊರನ್ನೂ ಜೋಡಿಸಬೇಕು.