ಮರ ಯಾರದು, ಹಳ್ಳ ಯಾರದು?

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ನಾವು ಇವತ್ತು ಮಾತಾಡಬೇಕಾಗಿರೋದು ಭೂಮಿ ಇಲ್ಲದವರ ಬಗ್ಗೆ ಅಲ್ಲ. ಅದನ್ನ ಎಲ್ಲ ಸಭೆಯಲ್ಲೂ ಮಾತಾಡ್ತೇವೆ, ಇನ್ನೂ ಮಾತಾಡಬೇಕು. ಇವತ್ತಿನ ಮಾತು ಭೂಮಿ ಸಿಕ್ಕಿದವರ ಬಗ್ಗೆ. ಅರ್ಜಿ ಹಾಕಿ, ಚಪ್ಪಲಿ ಸವೆಸಿ, ಬೈಸಿಕೊಂಡು ಎರಡೆಕರೆ ಪಡೆದವರ ಬಗ್ಗೆ. ಭೂಮಿ ಸಿಕ್ಕಿದ ಮೇಲೆ ಕಥೆ ಮುಗೀತು ಅಂತ ನಾವೆಲ್ಲ ತಿಳಿದಿದ್ದೆವು. ಮುಗಿದಿಲ್ಲ. ಆ ಎರಡೆಕರೆಯ ಬದುವಿನ ಮೇಲೆ ಮರ ಇದೆ, ಪಕ್ಕದಲ್ಲಿ ಹಳ್ಳ ಇದೆ, ಕೆಳಗೆ ಕೆರೆ ಇದೆ. ಮರಕ್ಕೊಂದು ಕಾನೂನು, ಹಳ್ಳಕ್ಕೊಂದು ಕಾನೂನು, ಕೆರೆಗೊಂದು ಕಾನೂನು. ಪುಸ್ತಕದಲ್ಲಿ ಈ ಕಾನೂನು ಎಲ್ಲ ಜಮೀನುದಾರರಿಗೂ ಒಂದೇ. ಆದರೆ ನೋಟೀಸು ಮೊದಲು ಬರೋದು ಯಾರ ಮನೆಗೆ? ಈ ಪ್ರಶ್ನೆ ಇಟ್ಟುಕೊಂಡು ನಾಲ್ಕು ಮಾತು ಹೇಳ್ತೇವೆ.

ಮೊದಲು ಒಂದು ಮರದ ಕಥೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಕೇರಿಯ ಒಬ್ಬ ಅಜ್ಜನಿಗೆ ದರಖಾಸ್ತಿನಲ್ಲಿ ಬಂದ ಒಂದೂಮುಕ್ಕಾಲು ಎಕರೆ ಇತ್ತು. ಬದುವಿನ ಮೇಲೆ ತಾನೇ ನೆಟ್ಟು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ ಬೆಳೆಸಿದ ಒಂದು ಹುಣಸೆ ಮರ. ಮೊಮ್ಮಗಳ ಮದುವೆಗೆ ಸೌದೆಗೂ ಆಗುತ್ತೆ, ನಾಲ್ಕು ಕಾಸೂ ಆಗುತ್ತೆ ಅಂತ ಅದನ್ನ ಕಡಿಸಿದ. ಗಾಡಿಗೆ ತುಂಬುವ ಮೊದಲೇ ಗಾರ್ಡು ಹಾಜರಾದ.

‘ಯಾರನ್ನ ಕೇಳಿ ಕಡಿದೆಯೋ?’

‘ನಾನೇ ನೆಟ್ಟಿದ್ದು ಸ್ವಾಮಿ.’

‘ನೆಟ್ಟೋನು ನೀನು. ಕಡಿಯೋಕೆ ಆರ್ಡರ್ ಕೊಡೋರು ನಾವು.’

ಮರ ಹೋಯಿತು. ಬಾಡಿಗೆ ಗಾಡಿ ಬಿಡಿಸಿಕೊಳ್ಳೋದಕ್ಕೆ ದುಡ್ಡು ಹೋಯಿತು. ಮದುವೆ ಸಾಲದಲ್ಲಿ ನಡೆಯಿತು. ಅದೇ ಬೇಸಿಗೆಯಲ್ಲಿ ಊರಿನ ದೊಡ್ಡ ಜಮೀನುದಾರರ ತೋಪು ಬುಡಸಮೇತ ಕಡಿದು ಲಾರಿಗಟ್ಟಲೆ ಸಾಗಿತು. ಯಾವ ಗಾರ್ಡೂ ಬರಲಿಲ್ಲ. ನಾವು ನಾಲ್ಕು ಜನ ಹುಡುಗರು ದೂರು ಹಿಡಿದು ಕಚೇರಿಗೆ ಹೋದೆವು. ‘ಅದು ನೀಲಗಿರಿ ಕಣ್ರಯ್ಯ. ಅದಕ್ಕೆ ಪರ್ಮಿಷನ್ ಬೇಕಾಗಿಲ್ಲ’ ಅಂದರು. ಲಂಚ ತಿಂದು ಸುಳ್ಳು ಹೇಳ್ತಾರೆ ಅಂತ ಕೂಗಾಡಿ ಬಂದೆವು. ಆಮೇಲೆ ಒಬ್ಬ ವಕೀಲರ ಹತ್ತಿರ ಕಾಯಿದೆ ಓದಿಸಿದೆವು. ಅವರು ಹೇಳಿದ್ದು ನಿಜವಾಗಿತ್ತು. ಸುಳ್ಳು ಹೇಳಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂದದ್ದು 1976ರಲ್ಲಿ. ಮರ ಸ್ವಂತ ಜಮೀನಿನಲ್ಲಿದ್ದರೂ ಕಡಿಯುವ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು ಅನ್ನುತ್ತದೆ ಅದು. ಮರ ಉಳಿಯಲಿ ಅನ್ನೋದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಕಾಯಿದೆಯಲ್ಲಿ ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ಮನುಷ್ಯರಲ್ಲಿ ಜಾತಿ ನೋಡೋ ದೇಶದಲ್ಲಿ ಮರದಲ್ಲೂ ಜಾತಿ ನೋಡಿದ್ದಾರೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು ಇವಕ್ಕೆಲ್ಲ ಅಪ್ಪಣೆ ಬೇಡ. ಇವು ಯಾರ ಜಮೀನಿನ ಮರಗಳು? ಹೆಚ್ಚಾಗಿ ತೋಟ ಇರುವವರ, ಪ್ಲಾಂಟೇಷನ್ ಹಾಕುವವರ ಮರಗಳು. ಬದುವಿನ ಮೇಲೆ ಒಂಟಿಯಾಗಿ ನಿಂತ ಹುಣಸೆ ಯಾರದು? ಹಣ್ಣು ಬಡಿದು, ಬೀಜ ಬಿಡಿಸಿ, ಸಂತೆಗೆ ಹೊತ್ತು ಹೊಟ್ಟೆ ಹೊರೆಯುವವರದು. ವಿನಾಯಿತಿಯ ಪಟ್ಟಿಯನ್ನು ಆಮೇಲೆ ತಿದ್ದುಪಡಿ ಮಾಡಿ ಉದ್ದ ಮಾಡಿದ್ದಾರೆ. ಆದ್ದರಿಂದ ಇವತ್ತಿನ ಪಟ್ಟಿಯಲ್ಲಿ ಯಾವ ಮರ ಇದೆ ಅಂತ ಕೇಳಿ ತಿಳಿದುಕೊಂಡೇ ಕೊಡಲಿ ಎತ್ತಬೇಕು.

ನೀಲಗಿರಿಯ ಕಥೆಯನ್ನೂ ಹೇಳಲೇಬೇಕು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ದುಡ್ಡಿನಲ್ಲಿ ಸಾಮಾಜಿಕ ಅರಣ್ಯ ಅಂತ ಯೋಜನೆ ಬಂತು. ಕೋಲಾರ, ತುಮಕೂರು ಕಡೆ ರಾಗಿ ಬೆಳೀತಿದ್ದ ಹೊಲಗಳು ನೀಲಗಿರಿ ತೋಪುಗಳಾದವು. ಜಮೀನುದಾರರಿಗೆ ಸುಖ. ಒಂದು ಸಾರಿ ನೆಟ್ಟರೆ ಆಯಿತು, ಕೂಲಿಯವರ ಕಾಟ ಇಲ್ಲ. ನಮಗೆ? ಕಳೆ ತೆಗೆಯೋ ಕೆಲಸ ಹೋಯಿತು, ಕುಯ್ಲು ಹೋಯಿತು, ಕಣ ಹೋಯಿತು, ಕಣದಲ್ಲಿ ಸಿಗುತ್ತಿದ್ದ ಮೊರ ರಾಗಿ ಹೋಯಿತು. ನೀಲಗಿರಿ ಎಲೆ ಮೇಕೆಯೂ ತಿನ್ನೋದಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಸಸಿಗಳನ್ನ ಕಿತ್ತೆಸೆದರು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಕಿತ್ತವರ ಮಾತು ಸರ್ಕಾರದ ಕಿವಿಗೆ ಬೀಳೋದಕ್ಕೆ 34 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಅಂತರ್ಜಲ ಪಾತಾಳ ಸೇರಿತ್ತು, ನಮ್ಮ ಜನ ಬೆಂಗಳೂರಿನ ಕಟ್ಟಡ ಕೆಲಸ ಸೇರಿದ್ದರು.

ಶ್ರೀಗಂಧದ್ದು ಇನ್ನೊಂದು ಕಥೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನ ರಾಜಮರ ಅಂತ ಘೋಷಿಸಿದ. ರಾಜರು ಹೋದರು, ಬ್ರಿಟಿಷರು ಹೋದರು, ಆದರೂ ನಮ್ಮ ಹೊಲದಲ್ಲಿ ಹುಟ್ಟಿದ ಗಂಧದ ಗಿಡ ನಮ್ಮದಾಗಲಿಲ್ಲ. 2001ರ ತಿದ್ದುಪಡಿ ಬರೋವರೆಗೂ ಅದು ಸರ್ಕಾರದ ಸ್ವತ್ತೇ. ಹಕ್ಕು ಇಲ್ಲ, ಕಾಯುವ ಜವಾಬ್ದಾರಿ ಮಾತ್ರ ನಮ್ಮದು. ಕಳ್ಳರು ಕಡಿದರೂ ಪೊಲೀಸರು ಮೊದಲು ಬರೋದು ಕೇರಿಗೆ. ಅದಕ್ಕೇ ನಮ್ಮ ಹಿರಿಯರು ಗಂಧದ ಸಸಿ ಕಂಡರೆ ಬೆಳೆಯೋ ಮೊದಲೇ ಕಿತ್ತು ಹಾಕೋರು. ಗಿಡದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹಕ್ಕು ಕೊಡದ ಕಾನೂನು ಮರವನ್ನೂ ಉಳಿಸೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನೀರಿನ ವಿಷಯಕ್ಕೆ ಬರೋಣ.

ನಮ್ಮ ಜಮೀನು ಹೆಚ್ಚಾಗಿ ಹಳ್ಳದ ಪಕ್ಕ, ಕೆರೆಯಂಚು, ಗುಂಡುತೋಪಿನ ಮಗ್ಗುಲಲ್ಲೇ ಯಾಕಿರುತ್ತೆ ಅಂತ ಯಾರಾದರೂ ಯೋಚನೆ ಮಾಡಿದ್ದೀರಾ? ಎರಡು ಕಾರಣ. ಕೋಲಾರದ ಕಡೆ ಕೆರೆಯ ನೀರುಗಂಟಿಗಳು ಹೆಚ್ಚಾಗಿ ನಮ್ಮವರೇ. ತೂಬು ಎತ್ತೋದು, ಏರಿಗೆ ಬಿಲ ಬಿದ್ದರೆ ಮುಚ್ಚೋದು, ಕೋಡಿ ಬಿದ್ದ ರಾತ್ರಿ ಮಳೆಯಲ್ಲಿ ನೆನೆದುಕೊಂಡು ಕಾಯೋದು ಅವರ ಕೆಲಸ. ತೂಬು ಎತ್ತುವ ಕೈ ನಮ್ಮದು, ನೀರು ಹರಿಯುವ ಗದ್ದೆ ಅವರದು. ಆ ಚಾಕರಿಗೆ ಅಂತ ಕೊಟ್ಟ ತುಂಡು ಇನಾಮ್ತಿ ಜಮೀನುಗಳಿದ್ದವು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು, ತೋಟಿ, ತಳವಾರ, ನೀರುಗಂಟಿ ಇನಾಮ್ತಿಗಳು ರದ್ದಾಗಿ, ಮರು ಮಂಜೂರಾತಿ ಅಂತ ಆಯಿತು. ಅರ್ಜಿ ಹಾಕಿದವರಿಗೆ ಸಿಕ್ಕಿತು, ಓದು ಬಾರದವರದು ಕೈತಪ್ಪಿತು. ಇನ್ನೊಂದು ಕಾರಣ ದರಖಾಸ್ತು. ಫಲವತ್ತಾದ ಭೂಮಿ ಮೊದಲೇ ಹಂಚಿ ಹೋಗಿತ್ತು. ಉಳಿದದ್ದು ಕಲ್ಲು, ಕೊರಕಲು, ಹಳ್ಳದ ದಂಡೆ. ಅದನ್ನ ನಮಗೆ ತೋರಿಸಿದರು. ನಾವು ಕಲ್ಲು ಹೆಕ್ಕಿ, ಕೆರೆಯ ಹೂಳು ಹೊತ್ತು ಹಾಕಿ ಹೊಲ ಮಾಡಿದೆವು.

ಈಗ ಸರ್ವೇಯರು ಬರ್ತಾರೆ. ಪಹಣಿಯಲ್ಲಿ ಖರಾಬು ಅಂತ ಒಂದು ಕಲಂ ಇದೆ. ಅದರಲ್ಲಿ ಎ ಖರಾಬು, ಬಿ ಖರಾಬು ಅಂತ ಎರಡು ಥರ. ಬಂಡೆ ಇದೆ, ಸಾಗುವಳಿಗೆ ಬರೋದಿಲ್ಲ ಅಂತ ಬಿಟ್ಟದ್ದು ಎ. ಹಳ್ಳ, ದಾರಿ, ಕಾಲುವೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಅಂತ ಬಿಟ್ಟದ್ದು ಬಿ. ಬಿ ಖರಾಬು ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಅದು ನಿಮ್ಮದಲ್ಲ. ಅಲ್ಲಿ ಉತ್ತರೆ ಒತ್ತುವರಿ. ಇದು ಗೊತ್ತಿಲ್ಲದೆ ನಮ್ಮ ಎಷ್ಟೋ ಜನ ಹಳ್ಳವನ್ನೂ ಸೇರಿಸಿ ಉತ್ತಿದ್ದಾರೆ. ಮಂಜೂರಾಗಿ ಎಷ್ಟೋ ವರ್ಷ ಆದರೂ ಪೋಡಿ ಆಗಿಲ್ಲ, ನಕ್ಷೆ ಇಲ್ಲ, ಕಲ್ಲು ನೆಟ್ಟಿಲ್ಲ. ನಮ್ಮ ಮೇರೆ ಎಲ್ಲಿ ಅಂತ ಸರ್ಕಾರ ತೋರಿಸದೇ ಇದ್ದು, ಮೇರೆ ದಾಟಿದ್ದೀರಿ ಅಂತ ಅದೇ ಸರ್ಕಾರ ನೋಟೀಸು ಕೊಡುತ್ತದೆ.

2014ರಲ್ಲಿ ಕೆರೆಗಳ ಸಂರಕ್ಷಣೆಗೆ ಅಂತ ಪ್ರಾಧಿಕಾರದ ಕಾಯಿದೆ ಬಂತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಹರಿಸೋದಕ್ಕೆ ಶುರು ಮಾಡಿದರು. ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ನೀರು ಬಂದ ಮೇಲೆ ಕೆರೆಯ ಗಡಿ ಎಲ್ಲಿ ಅನ್ನೋ ಪ್ರಶ್ನೆಯೂ ಬಂತು.

ಇಲ್ಲಿ ಎರಡು ಥರದ ಒತ್ತುವರಿ ಇದೆ. ಒಣಗಿದ ಕೆರೆಯ ಅಂಚಿನಲ್ಲಿ ಒಂದು ಬೆಳೆ ಹುರುಳಿ ಚೆಲ್ಲಿದವನು ಒಬ್ಬ. ನೀರು ಬಂದರೆ ಅವನೇ ಹಿಂದಕ್ಕೆ ಸರಿಯುತ್ತಾನೆ. ಲಾರಿಗಟ್ಟಲೆ ಮಣ್ಣು ಸುರಿದು ನೆಲ ಎತ್ತರಿಸಿ ಸೈಟು ಮಾಡಿದವನು ಇನ್ನೊಬ್ಬ. ಅಲ್ಲಿಗೆ ನೀರು ಇನ್ನು ಯಾವತ್ತೂ ಬರೋದಿಲ್ಲ. ಕಾಗದದಲ್ಲಿ ಇಬ್ಬರೂ ಒತ್ತುವರಿದಾರರೇ. ಬೆಂಗಳೂರಿನ ಬಸ್ ನಿಲ್ದಾಣ ನಿಂತಿರೋದು ಧರ್ಮಾಂಬುಧಿ ಕೆರೆಯ ಮೇಲೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಮೇಲೆ. ಅವನ್ನ ಒತ್ತುವರಿ ಅಂತ ಯಾರೂ ಕರೆಯೋದಿಲ್ಲ, ಅಭಿವೃದ್ಧಿ ಅಂತಾರೆ.

ಅಳತೆ ಕೂಡ ಬದಲಾಗುತ್ತೆ ಬಂಧುಗಳೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಖಾಲಿ ಬಿಡಬೇಕು ಅಂತ ಆದೇಶ ಮಾಡಿತು. ಮೇಲ್ಮನವಿ ಹೋಯಿತು. ಹೋದವರಲ್ಲಿ ದೊಡ್ಡ ಕಟ್ಟಡ ಕಂಪನಿಯವರಿದ್ದರು. 2019ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ಅಳತೆಯನ್ನ ರದ್ದು ಮಾಡಿ, ನಗರ ಯೋಜನೆಯಲ್ಲಿದ್ದ 30 ಮೀಟರೇ ಸಾಕು ಅಂದಿತು. ತೀರ್ಪು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ದೆಹಲಿಗೆ ಹೋಗೋ ಶಕ್ತಿ ಇದ್ದವರು ಅಳತೆಯನ್ನೇ ಪ್ರಶ್ನೆ ಮಾಡಿದರು. ನಮ್ಮವರು ತಾಲ್ಲೂಕು ಕಚೇರಿಯ ಜವಾನನನ್ನೂ ಪ್ರಶ್ನೆ ಮಾಡಲಾರರು.

ಹಾಗಾದರೆ ಈ ಕಾನೂನುಗಳೇ ಬೇಡ ಅನ್ನೋಣವೇ? ಊರಿನ ದೊಡ್ಡ ಜಮೀನುದಾರರು ಈಗ ನಮ್ಮ ಹೆಗಲ ಮೇಲೆ ಕೈ ಹಾಕಿ ಅದನ್ನೇ ಹೇಳ್ತಿದ್ದಾರೆ. ‘ನೋಡ್ರಪ್ಪ, ನಿಮಗೂ ತೊಂದರೆ, ನಮಗೂ ತೊಂದರೆ, ಎಲ್ಲ ಸೇರಿ ಹೋರಾಟ ಮಾಡೋಣ.’ ಬಾವಿ ಕಟ್ಟೆ ಹತ್ತಲು ಬಿಡದವರು ಈಗ ಅಣ್ಣತಮ್ಮಂದಿರಾಗಿದ್ದಾರೆ. ಬಂಧುಗಳೆ, ಈ ಬಲೆಗೆ ಬೀಳಬೇಡಿ. ನಮ್ಮದು ಗುಂಟೆಗಳ ಲೆಕ್ಕ, ಅವರದು ಎಕರೆಗಳ ಲೆಕ್ಕ. ನಮ್ಮನ್ನ ಮುಂದೆ ನಿಲ್ಲಿಸಿ ಅವರ ತೋಟ ಉಳಿಸಿಕೊಳ್ಳುವ ಆಟ ಇದು.

ಮಹಾಡಿನ ಚವದಾರ್ ಕೆರೆಯನ್ನ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆ, ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಅದು ಕಾಗದದಲ್ಲೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ಆ ನೀರು ಮುಟ್ಟಿದರು. ಸವರ್ಣೀಯರು ಕೋರ್ಟಿಗೆ ಹೋಗಿ ಏನಂದರು ಗೊತ್ತೆ? ಆ ಕೆರೆ ಖಾಸಗಿ ಸ್ವತ್ತು ಅಂದರು. ಹತ್ತು ವರ್ಷ ಕೇಸು ನಡೆದು 1937ರಲ್ಲಿ ಮುಂಬಯಿ ಹೈಕೋರ್ಟು ಅವರ ವಾದವನ್ನ ತಳ್ಳಿಹಾಕಿತು. ಕೆರೆ ಯಾರಪ್ಪನ ಖಾಸಗಿ ಆಸ್ತಿಯೂ ಅಲ್ಲ ಅನ್ನೋದು ನಮ್ಮ ಚಳವಳಿಯ ಮೊದಲ ಪಾಠ. ಆ ಪಾಠ ಕಲಿತವರು ಇವತ್ತು ಕೆರೆ ನುಂಗುವವರ ಜೊತೆ ನಿಲ್ಲೋದಕ್ಕೆ ಆಗೋದಿಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ನಮ್ಮ ಊರಿನಲ್ಲೇ ನಮ್ಮವನೊಬ್ಬ ಕೆರೆಗೆ ನೀರು ತರುವ ಕಾಲುವೆಯನ್ನ ಉತ್ತು ಸಮ ಮಾಡಿದ. ಎರಡು ವರ್ಷ ಕೆರೆ ತುಂಬಲಿಲ್ಲ. ಯಾರ ಹೊಟ್ಟೆಗೆ ಏಟು ಬಿತ್ತು? ಕೆರೆಯ ಕೆಳಗಿನ ನಮ್ಮ ಕೇರಿಯ ಏಳು ಮನೆಯವರ ತುಂಡು ಗದ್ದೆಗೆ, ಕೆರೆಯಲ್ಲಿ ಮೀನು ಹಿಡಿಯೋರಿಗೆ, ದನ ಕಾಯೋ ಮಕ್ಕಳಿಗೆ. ಗೌಡರಿಗೆ ಬೋರ್‌ವೆಲ್ ಇತ್ತು. ಹಳ್ಳ ಸತ್ತರೆ ಮೊದಲು ಸಾಯೋರು ನಾವು. ಕೊನೆಗೆ ನಾವೇ ಕೂತು ಮಾತಾಡಿ, ಅವನೇ ಗುದ್ದಲಿ ಹಿಡಿದು ಕಾಲುವೆ ಬಿಡಿಸಿದ. ಯಾವ ನೋಟೀಸೂ ಬೇಕಾಗಲಿಲ್ಲ.

ಈಗ ಮಾಡಬೇಕಾದ ಕೆಲಸ. ಒಂದು: ಸಾಗುವಳಿ ಚೀಟಿ, ಪಹಣಿ, ಹಳೆಯ ಇನಾಮ್ತಿ ಕಾಗದ ಏನಿದೆಯೋ ಹುಡುಕಿ ಇಟ್ಟುಕೊಳ್ಳಿ. ಪೋಡಿಗೆ, ನಕ್ಷೆಗೆ ಅರ್ಜಿ ಕೊಡಿ. ಎರಡು: ಖರಾಬು ಕಲಂ ಓದಿಸಿಕೊಳ್ಳಿ. ಬಿ ಖರಾಬು ಎಷ್ಟು, ಯಾವ ಮಗ್ಗುಲು ಅಂತ ತಿಳಿದುಕೊಳ್ಳಿ. ಮೂರು: ಮರಕ್ಕೆ ಬಾಯಿಮಾತಿನ ಅಪ್ಪಣೆ ನಂಬಬೇಡಿ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಇಸಕೊಳ್ಳಿ. ನಾಲ್ಕು: ನೋಟೀಸಿಗೆ ಹೆದರಿ ಮಂಜೂರಾದ ಜಮೀನನ್ನ ಬಂದಷ್ಟಕ್ಕೆ ಮಾರಬೇಡಿ. 1978ರ ಪಿ.ಟಿ.ಸಿ.ಎಲ್. ಕಾಯಿದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನ ಪರಭಾರೆ ಮಾಡುವಂತಿಲ್ಲ. ಆ ಹೆದರಿಕೆ ಹುಟ್ಟಿಸೋನೇ ಎಷ್ಟೋ ಸಲ ಕೊಳ್ಳೋನೂ ಆಗಿರ್ತಾನೆ. ಐದು: 2011ರಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಕೇಸಿನಲ್ಲಿ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಹೇಳುವಾಗ, ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರವೇ ಅಧಿಸೂಚನೆ ಪ್ರಕಾರ ಗುತ್ತಿಗೆ ಕೊಟ್ಟಿದ್ದರೆ ಅದನ್ನ ಬೇರೆಯಾಗಿ ನೋಡಬಹುದು ಅಂತಲೂ ಹೇಳಿದೆ. ಆ ತೀರ್ಪಿನ ಪ್ರತಿ ಪ್ರತಿ ತಾಲ್ಲೂಕಿನಲ್ಲೂ ನಮ್ಮ ಕೈಲಿರಬೇಕು.

ಕೊನೆಯ ಮಾತು. ಕೆರೆ ಅಳೆಯಬೇಡಿ ಅಂತ ನಾವು ಅಡ್ಡ ನಿಲ್ಲೋದಿಲ್ಲ. ಅಳೆಯಿರಿ ಅಂತ ನಾವೇ ಕೇಳ್ತೇವೆ. ಒಂದೇ ಷರತ್ತು. ಕೇರಿ ಕಡೆ ಮಗ್ಗುಲು ಮಾತ್ರ ಅಳೆದು ಸಂಜೆಯಾಯಿತು ಅಂತ ಜೀಪು ಹತ್ತಬಾರದು. ಸುತ್ತಲೂ ಅಳೆಯಬೇಕು, ಊರವರೆಲ್ಲರ ಎದುರಿಗೆ ಅಳೆಯಬೇಕು. ಸರಪಳಿಯ ಒಂದು ಕೊನೆ ಹಿಡಿದು ನಾವೇ ನಿಲ್ತೇವೆ, ಅದು ನಮ್ಮ ತೋಟಿ ಅಜ್ಜಂದಿರು ಮಾಡಿದ ಕೆಲಸವೇ. ಇನ್ನೊಂದು ಕೊನೆ ಗೌಡರ ತೆಂಗಿನ ತೋಟದ ಬೇಲಿ ದಾಟಿ ಒಳಗೆ ಹೋಗಬೇಕು.

ಜೈಭೀಮ್.